ಒಂಬತ್ತು ಗಂಟೆ ಮೂಕವಾದ ದೂರವಾಣಿ

1990ರ ಜನವರಿ 15, ಸೋಮವಾರ. ಅಮೆರಿಕದ ನ್ಯೂಜೆರ್ಸಿ ರಾಜ್ಯದ ಬೆಡ್‌ಮಿನ್‌ಸ್ಟರ್ ಎಂಬಲ್ಲಿ ಎಟಿ ಅಂಡ್ ಟಿ ದೂರವಾಣಿ ಕಂಪನಿಯ ಜಾಲ ನಿಯಂತ್ರಣ ಕೇಂದ್ರ. ಮಧ್ಯಾಹ್ನ 2 ಗಂಟೆ 25 ನಿಮಿಷದ ಸುಮಾರಿಗೆ ಅಲ್ಲಿನ ಗೋಡೆಯ ಮೇಲೆ ಸಾಲಾಗಿ ಜೋಡಿಸಿದ್ದ ಪರದೆಗಳಲ್ಲಿ ಕೆಂಪು ಗೆರೆಗಳು ಮೂಡತೊಡಗಿದವು. ಮೊದಲು ಒಂದೆರಡು, ನೋಡನೋಡುತ್ತಿದ್ದಂತೆ ಇಡೀ ದೇಶದ ನಕ್ಷೆಯ ತುಂಬ. ದೂರದ ಊರಿನ ಬಂಧುಗಳಿಗೆ, ಗಿರಾಕಿಗಳಿಗೆ, ವಿಮಾನ ಕಂಪನಿಗಳಿಗೆ ಫೋನು ತಿರುಗಿಸಿದವರಿಗೆ ‘ಎಲ್ಲ ಮಾರ್ಗಗಳೂ ಕಾರ್ಯನಿರತವಾಗಿವೆ’ ಎಂಬ ಮುದ್ರಿತ ಧ್ವನಿಯೇ ಉತ್ತರವಾಯಿತು. ಜಾಲ ಸರಿಹೋಗುವಾಗ ರಾತ್ರಿ ಹನ್ನೊಂದೂವರೆ. ಆ ಒಂಬತ್ತು ಗಂಟೆಗಳಲ್ಲಿ ಮಾಡಿದ ದೂರದ ಕರೆಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಗುರಿ ಮುಟ್ಟಲಿಲ್ಲ.

ಕೇಬಲ್ ತುಂಡಾಗಿರಲಿಲ್ಲ, ಬೆಂಕಿ ಬಿದ್ದಿರಲಿಲ್ಲ. ಯಾರೋ ಕಿಡಿಗೇಡಿಗಳು ಗಣಕಗಳೊಳಗೆ ನುಸುಳಿರಬೇಕೆಂಬ ಗುಮಾನಿಯೂ ಎದ್ದಿತು. ಕೊನೆಗೆ ಸಿಕ್ಕ ಕಾರಣ ಮಾತ್ರ ತೀರ ಸಣ್ಣದು. ಲಕ್ಷಾಂತರ ಸಾಲುಗಳ ತಂತ್ರಾಂಶದಲ್ಲಿ ಒಂದೇ ಒಂದು ಪದ ತಪ್ಪಾದ ಜಾಗದಲ್ಲಿ ಕುಳಿತಿತ್ತು.

ಇಷ್ಟು ಸಣ್ಣ ತಪ್ಪಿಗೆ ಇಷ್ಟು ದೊಡ್ಡ ಜಾಲ ಬಿದ್ದದ್ದು ಹೇಗೆ? ಎಟಿ ಅಂಡ್ ಟಿಯ ದೂರಕರೆಗಳೆಲ್ಲ ಅಂದು 114 ಬೃಹತ್ ವಿನಿಮಯ ಕೇಂದ್ರಗಳ ಮೂಲಕ ಹಾದುಹೋಗುತ್ತಿದ್ದವು. ಒಂದು ಕೇಂದ್ರ ಕೆಟ್ಟರೆ ಕರೆಗಳು ಬೇರೆ ದಾರಿ ಹಿಡಿಯುವ ಏರ್ಪಾಡಿತ್ತು. ಸಾಲದ್ದಕ್ಕೆ ಪ್ರತಿ ಕೇಂದ್ರದೊಳಗೂ ಸಂದೇಶಗಳನ್ನು ನೋಡಿಕೊಳ್ಳುವ ಗಣಕಕ್ಕೆ ಒಂದು ಬದಲಿ ಗಣಕ ಸದಾ ಸಿದ್ಧವಾಗಿರುತ್ತಿತ್ತು. ನಮ್ಮ ಜಾಲ ನಂಬಿಕೆಗೆ ಅರ್ಹ ಎಂಬುದೇ ಕಂಪನಿಯ ಹೆಮ್ಮೆಯಾಗಿತ್ತು.

ಕೇಂದ್ರವೊಂದಕ್ಕೆ ಚಿಕ್ಕ ತೊಂದರೆಯಾದರೆ ಅದು ನಾಲ್ಕರಿಂದ ಆರು ಸೆಕೆಂಡು ಬಿಡುವು ಪಡೆದು ತನ್ನನ್ನು ತಾನೇ ಸರಿಪಡಿಸಿಕೊಳ್ಳುತ್ತಿತ್ತು. ಅದಕ್ಕೂ ಮುಂಚೆ ನೆರೆಯ ಕೇಂದ್ರಗಳಿಗೆ ‘ಸದ್ಯಕ್ಕೆ ನನ್ನ ಕಡೆ ಕರೆ ಕಳಿಸಬೇಡಿ’ ಎಂದು ತಿಳಿಸುತ್ತಿತ್ತು. ಚೇತರಿಸಿಕೊಂಡ ಮೇಲೆ ‘ಬಂದೆ’ ಎಂದು ಪ್ರತ್ಯೇಕವಾಗಿ ಹೇಳುವುದು ಹಳೆಯ ಪದ್ಧತಿ. 1989ರ ಡಿಸೆಂಬರ್‌ನಲ್ಲಿ 114 ಕೇಂದ್ರಗಳಿಗೂ ಹೊಸ ತಂತ್ರಾಂಶ ಬಂತು. ಚೇತರಿಕೆ ಬೇಗ ಮುಗಿಯಲೆಂದು ‘ಬಂದೆ’ ಎನ್ನುವ ಮಾತನ್ನು ಅದರಲ್ಲಿ ಕೈಬಿಡಲಾಗಿತ್ತು. ಕೇಂದ್ರ ನೇರವಾಗಿ ಕರೆ ಕಳಿಸತೊಡಗಿದರೆ ಸಾಕು, ಅದು ಎದ್ದಿದೆಯೆಂದು ನೆರೆಯವು ತಾವೇ ಗುರುತು ಹಾಕಿಕೊಳ್ಳಬೇಕು.

ಎಡವಟ್ಟಾದದ್ದು ಇಲ್ಲೇ. ಮೊದಲ ಕರೆ ಬಂದಾಗ ನೆರೆಯ ಕೇಂದ್ರ ಗುರುತು ಹಾಕಿಕೊಳ್ಳುತ್ತಿರುತ್ತದೆ. ಆ ಕೆಲಸ ಮುಗಿಯುವ ಮುಂಚೆ, ಅಂದರೆ ಸೆಕೆಂಡಿನ ನೂರನೇ ಒಂದು ಭಾಗದೊಳಗೆ, ಅದೇ ಕೇಂದ್ರದಿಂದ ಎರಡನೇ ಕರೆ ಬಂದುಬಿಟ್ಟರೆ? ಆ ಸಂದರ್ಭಕ್ಕಾಗಿ ಬರೆದಿದ್ದ ಆದೇಶಗಳಲ್ಲಿ ‘ಬ್ರೇಕ್’ ಎಂಬ ಪದ ಇರಬಾರದ ಕಡೆ ಇತ್ತು. ‘ಸಿ’ ಎಂಬ ಗಣಕ ಭಾಷೆಯಲ್ಲಿ ಆ ಪದ ಕಂಡ ಕೂಡಲೇ ಯಂತ್ರ ಕೈಲಿದ್ದ ಕೆಲಸದ ಕಟ್ಟಿನಿಂದ ಹೊರಕ್ಕೆ ಜಿಗಿಯುತ್ತದೆ. ಅಲ್ಲಿ ಮಾಡಬೇಕಿದ್ದ ಕೆಲಸ ಅರ್ಧಕ್ಕೆ ನಿಂತು, ಗಣಕದ ನೆನಪಿನಲ್ಲಿದ್ದ ಮಾಹಿತಿ ಕಲಸಿಹೋಯಿತು.

ಅಂದು ಮೊದಲು ಬಿಡುವು ಪಡೆದದ್ದು ನ್ಯೂಯಾರ್ಕಿನ ಒಂದು ಕೇಂದ್ರ. ಅದು ಎದ್ದು ಬಿರುಸಿನಿಂದ ಕರೆ ಕಳಿಸಿದಾಗ ನೆರೆಯ ಕೇಂದ್ರಗಳ ಗಣಕಗಳು ತಬ್ಬಿಬ್ಬಾದವು. ‘ನನ್ನ ಮಾಹಿತಿ ಕೆಟ್ಟಿದೆ’ ಎಂದು ಅವು ಕೆಲಸವನ್ನು ಬದಲಿ ಗಣಕಗಳಿಗೆ ಒಪ್ಪಿಸಿದವು. ಬದಲಿ ಗಣಕಗಳಲ್ಲಿದ್ದದ್ದೂ ಅದೇ ತಂತ್ರಾಂಶ, ಅದೇ ತಪ್ಪು. ಮತ್ತೆ ಎರಡು ಕರೆ ಬೆನ್ನುಬೆನ್ನಿಗೆ ಬಂದಾಗ ಅವೂ ಹಾಗೆಯೇ ಮುಗ್ಗರಿಸಿದವು. ಈಗ ಬಿಡುವು ಪಡೆಯುವ ಸರದಿ ಆ ಕೇಂದ್ರಗಳದು. ಅವು ಎದ್ದಾಗ ಮತ್ತೊಂದು ಸುತ್ತಿನ ನೆರೆಯವು ಬಿದ್ದವು. ಕೆಲವು ಸಲ ಮೊದಲು ಎದ್ದದ್ದೇ ತಿರುಗಿ ಬಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಂತೆ, ಜಾಲವನ್ನು ಕಾಪಾಡಲೆಂದು ಇಟ್ಟ ಏರ್ಪಾಡೇ ರೋಗವನ್ನು ಊರೂರಿಗೆ ಹಂಚಿತು. ಎಂಜಿನಿಯರುಗಳು ಕೇಂದ್ರಗಳ ನಡುವಿನ ಸಂದೇಶಗಳ ಹೊರೆಯನ್ನು ತಗ್ಗಿಸಿದ ಮೇಲಷ್ಟೇ ಈ ಸರಣಿ ಕಡಿಯಿತು. ಬಳಿಕ ಹಳೆಯ ತಂತ್ರಾಂಶವನ್ನೇ ಮರಳಿ ಹಾಕಲಾಯಿತು.

ಬಿಡಿಭಾಗ ಸವೆದು ಕೆಡುವುದಕ್ಕೂ ಆಲೋಚನೆಯಲ್ಲೇ ತಪ್ಪಾಗುವುದಕ್ಕೂ ಇರುವ ಅಂತರ ಇಲ್ಲಿ ಮುಖ್ಯ. ಲಾರಿಯ ಟೈರು ಪಂಕ್ಚರ್ ಆದರೆ ಸ್ಟೆಪ್ನಿ ನೆರವಿಗೆ ಬರುತ್ತದೆ, ಯಾಕೆಂದರೆ ಮೊಳೆ ಚುಚ್ಚಿದ್ದು ಒಂದು ಟೈರಿಗೆ ಮಾತ್ರ. ತಂತ್ರಾಂಶ ಸವೆಯುವುದಿಲ್ಲ. ಅದರೊಳಗಿನ ತಪ್ಪು ಪ್ರತಿಯೊಂದು ನಕಲಿನಲ್ಲೂ ಇರುತ್ತದೆ. ಲೆಕ್ಕ ತಪ್ಪು ಮಾಡಿದವನ ಪುಸ್ತಕವನ್ನೇ ನೋಡಿ ಬರೆದುಕೊಂಡವನನ್ನು ಸಾಕ್ಷಿಗೆ ಕರೆದರೆ ಏನು ಪ್ರಯೋಜನ?

ಈ ಪಾಠವನ್ನು ಯುರೋಪ್ ಆರು ವರ್ಷಗಳ ನಂತರ ಇನ್ನೂ ದುಬಾರಿ ಬೆಲೆ ತೆತ್ತು ಕಲಿಯಿತು. 1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕೂರೂ ಉಡಾವಣಾ ಕೇಂದ್ರದಿಂದ ಮೊದಲ ಏರಿಯಾನ್-5 ರಾಕೆಟ್ ಮೇಲೇರಿ, ಒಂದು ನಿಮಿಷವೂ ಕಳೆಯುವ ಮುನ್ನ ಆಕಾಶದಲ್ಲೇ ಚೂರುಚೂರಾಯಿತು. ಜೊತೆಗೆ ನಾಲ್ಕು ವೈಜ್ಞಾನಿಕ ಉಪಗ್ರಹಗಳೂ ನಾಶವಾದವು. ಅದರ ದಿಕ್ಕು ತೋರುವ ಗಣಕಗಳಲ್ಲಿದ್ದದ್ದು ಏರಿಯಾನ್-4ಕ್ಕಾಗಿ ಬರೆದ ಹಳೆಯ ತಂತ್ರಾಂಶ. ಹೊಸ ರಾಕೆಟ್ಟಿನ ವೇಗ ಹೆಚ್ಚು. ಅದರಿಂದ ಬಂದ ದೊಡ್ಡ ಸಂಖ್ಯೆಯೊಂದು 16 ಬಿಟ್‌ಗಳ ಚಿಕ್ಕ ಜಾಗದಲ್ಲಿ ಹಿಡಿಸಲಿಲ್ಲ. ಗಣಕ ಕೈಚೆಲ್ಲಿತು. ಬದಲಿ ಗಣಕ? ಅದೂ ಅದೇ ತಂತ್ರಾಂಶದ್ದು. ಅದು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಅಂತರದಲ್ಲಿ, ಅದಕ್ಕೂ ಮೊದಲೇ ನಿಂತುಹೋಗಿತ್ತು.

ಹಾಗಾದರೆ ದಾರಿ ಏನು? ತಪ್ಪೇ ಇಲ್ಲದ ತಂತ್ರಾಂಶ ಬರೆಯುತ್ತೇವೆಂದು ಅನುಭವಸ್ಥರು ಯಾರೂ ಹೇಳುವುದಿಲ್ಲ. ತಪ್ಪು ಇದ್ದೇ ಇರುತ್ತದೆಂದು ತಿಳಿದು, ಅದು ಹರಡದಂತೆ ನೋಡಿಕೊಳ್ಳುವುದೇ ಅವರ ಜಾಣತನ. ಹೊಸ ತಂತ್ರಾಂಶವನ್ನು ಮೊದಲು ಒಂದೆರಡು ಕಡೆ ಮಾತ್ರ ಹಾಕಿ, ಕಾದು ನೋಡಿ, ಆಮೇಲೆ ಉಳಿದೆಡೆಗೆ ಒಯ್ಯುವುದು ಈಗಿನ ಒಳ್ಳೆಯ ಪದ್ಧತಿ. ಇದಕ್ಕೆ ‘ಕ್ಯಾನರಿ’ ಎಂದು ಹೆಸರು. ಬ್ರಿಟನ್ನಿನ ಕಲ್ಲಿದ್ದಲ ಗಣಿಗಳಲ್ಲಿ ವಿಷಾನಿಲವನ್ನು ಮೊದಲೇ ಅರಿಯಲು 1986ರವರೆಗೂ ಪಂಜರದಲ್ಲಿ ಒಯ್ಯುತ್ತಿದ್ದ ಪುಟ್ಟ ಹಳದಿ ಹಕ್ಕಿಯ ನೆನಪು ಅದು.

ಪಾಠ ಪುಸ್ತಕದಲ್ಲಿದ್ದರೆ ಸಾಲದು ಎಂಬುದಕ್ಕೆ 2024ರ ಜುಲೈ 19 ಸಾಕ್ಷಿ. ಗಣಕಗಳನ್ನು ಕಾಯುವ ಕ್ರೌಡ್‌ಸ್ಟ್ರೈಕ್ ಕಂಪನಿಯ ತಂತ್ರಾಂಶಕ್ಕೆ ಕಳಿಸಿದ ಒಂದು ಕಡತದಲ್ಲಿ ದೋಷವಿತ್ತು. ಅದು ಹಂತಹಂತವಾಗಿ ಹೋಗದೆ ಒಂದೇ ಸಲ ಜಗತ್ತಿಗೆಲ್ಲ ಹೋಯಿತು. ಒಂದೂವರೆ ಗಂಟೆಯೊಳಗೆ ಅದನ್ನು ಹಿಂತೆಗೆದುಕೊಂಡರೂ ಅಷ್ಟರಲ್ಲಿ ಮೈಕ್ರೋಸಾಫ್ಟ್‌ನ ಅಂದಾಜಿನಂತೆ 85 ಲಕ್ಷ ವಿಂಡೋಸ್ ಗಣಕಗಳು ನೆಲ ಕಚ್ಚಿದ್ದವು. ಬೆಂಗಳೂರೂ ಸೇರಿದಂತೆ ದೇಶದ ಹಲವು ವಿಮಾನ ನಿಲ್ದಾಣಗಳಲ್ಲಿ ಉದ್ದುದ್ದ ಸಾಲುಗಳು. ಕೌಂಟರಿನ ಪರದೆಗಳು ಸುಮ್ಮನಾದಾಗ ವಿಮಾನ ಕಂಪನಿಗಳ ಸಿಬ್ಬಂದಿ ಪೆನ್ನು ಹಿಡಿದು ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲೇ ಬರೆದುಕೊಟ್ಟರು.

ನೋಡಿದವರು ನಕ್ಕಿರಬಹುದು. ಆದರೆ ಅಂದಿನ ನಿಜವಾದ ಬದಲಿ ವ್ಯವಸ್ಥೆ ಆ ಕೈಬರಹದ ಚೀಟಿಯೇ. ಕೆಟ್ಟ ಗಣಕದಲ್ಲಿದ್ದ ತಪ್ಪು ಪೆನ್ನಿನಲ್ಲಿರಲಿಲ್ಲ. ದೂರದ ದೇಶಗಳ ಬ್ಯಾಂಕು, ಅಂಗಡಿ, ಆಸ್ಪತ್ರೆಗಳ ಗಣಕಗಳನ್ನು ರಾತ್ರಿ ಪಾಳಿಯಲ್ಲಿ ಕಾಯುವ ಎಂಜಿನಿಯರುಗಳು ಬೆಂಗಳೂರಿನಲ್ಲಿ ಬಹಳ ಮಂದಿ ಇದ್ದಾರೆ. ‘ಬದಲಿ ಇದೆಯೇ’ ಎಂದು ಕೇಳುವುದು ಅವರಿಗೆ ರೂಢಿ. ‘ಮೊದಲನೆಯದು ಮಾಡುವ ತಪ್ಪನ್ನೇ ಬದಲಿಯೂ ಮಾಡುತ್ತದೆಯೇ’ ಎಂಬ ಎರಡನೇ ಪ್ರಶ್ನೆಯನ್ನೂ 1990ರ ಆ ಸೋಮವಾರ ಅವರಿಗಾಗಿ ಬಿಟ್ಟುಹೋಗಿದೆ.