ಪಾಲುಪಟ್ಟಿಯೊಳಗಿನ ಅಜ್ಜಿ

ಅರಸರ ವಂಶಾವಳಿಯನ್ನು ಶಾಸನಗಳು ಕಾದಿಟ್ಟಿವೆ. 1837ರಲ್ಲಿ ಅಮರಸುಳ್ಯದಿಂದ ಹೊರಟು ಮಂಗಳೂರಿನವರೆಗೆ ನಡೆದ ದಂಡಿನ ಮುಖಂಡರನ್ನೂ ಚರಿತ್ರೆ ಬಲ್ಲದು. ಆದರೆ ಹಟ್ಟಿಯಲ್ಲಿ ಹಾಲು ಕರೆದು, ಗದ್ದೆಯಲ್ಲಿ ನೇಜಿ ನೆಟ್ಟು, ಏಳೆಂಟು ಮಕ್ಕಳನ್ನು ಹೆತ್ತು ಕಣ್ಮುಚ್ಚಿದ ಹೆಂಗಸೊಬ್ಬಳ ಬಾಳನ್ನು ಅರಸುವವರು ಎಲ್ಲಿಗೆ ಹೋಗಬೇಕು? ಪುತ್ತೂರು, ಸುಳ್ಯ ಸೀಮೆಯಲ್ಲಾದರೆ ಮೊದಲು ಉಪ್ಪರಿಗೆಯ ಮರದ ಪೆಟ್ಟಿಗೆಗೆ, ಆಮೇಲೆ ಸಬ್‌ರಿಜಿಸ್ಟ್ರಾರರ ಕಚೇರಿಗೆ. ಕಡಬ 2018ರಲ್ಲಿ ತಾಲೂಕಾದ ಮೇಲೆ ಇನ್ನೊಂದು ಸುತ್ತು ಸೇರಿದೆ: ಊರು ಕಡಬದ್ದಾದರೂ ಹಳೆಯ ಪತ್ರದ ಜಾಡು ಪುತ್ತೂರಿಗೋ ಸುಳ್ಯಕ್ಕೋ ಹೊರಳುತ್ತದೆ.

ಈ ಅರಸಾಟಕ್ಕೆ ನಮ್ಮ ಸೀಮೆಯಲ್ಲಿ ಒಂದು ಅನುಕೂಲವಿದೆ. ಬಂಟರು, ಬಿಲ್ಲವರು ಮೊದಲಾದವರಲ್ಲಿ ನಡೆದುಬಂದ ಅಳಿಯಕಟ್ಟಿನಲ್ಲಿ ಆಸ್ತಿಯ ಹಕ್ಕು ತಾಯಿಯ ಬಳ್ಳಿ ಹಿಡಿದು ಇಳಿಯುತ್ತಿತ್ತು. ಆದುದರಿಂದ ಆ ಕುಟುಂಬಗಳ ಪಾಲುಪಟ್ಟಿಯಲ್ಲಿ ವಂಶವೃಕ್ಷದ ಬುಡಕ್ಕೆ ನಿಲ್ಲುವವಳು ಹೆಂಗಸು. ಬೇರೆಡೆ ‘ಇಂಥವನ ಹೆಂಡತಿ’ಯಾಗಿ ಕಡತ ಸೇರುವವಳು ಇಲ್ಲಿ ‘ಇಂಥವಳ ಮಗಳು’. ಗಂಡನ ಸುದ್ದಿ ಬೇಕೆಂದರೆ ಅವನನ್ನೇ ಬೇರೆ ಹುಡುಕಬೇಕು!

1949ರ ಮದ್ರಾಸು ಅಳಿಯಸಂತಾನ ಕಾಯಿದೆ ಈ ಪತ್ರಗಳ ಸ್ವರೂಪವನ್ನು ಮತ್ತಷ್ಟು ವಿಚಿತ್ರವಾಗಿಸಿತು. ಅದುವರೆಗೆ ಎಲ್ಲರೂ ಒಪ್ಪದೆ ಕುಟುಂಬದ ಆಸ್ತಿಯನ್ನು ಒಡೆಯುವಂತಿರಲಿಲ್ಲ. ಕಾಯಿದೆ ‘ಕವರು’ಗಳಿಗೆ ಪಾಲು ಕೇಳುವ ಹಕ್ಕು ಕೊಟ್ಟಿತು. ಒಬ್ಬ ಹೆಂಗಸು, ಅವಳ ಮಕ್ಕಳು, ಹೆಣ್ಣುಮಕ್ಕಳ ಮೂಲಕ ಇಳಿದ ಸಂತತಿ: ಇಷ್ಟು ಸೇರಿದರೆ ಒಂದು ಕವರು. ಅದರಲ್ಲೂ ಐವತ್ತು ತುಂಬದ ಹೆಂಗಸು ಒಬ್ಬಳಾದರೂ ಇದ್ದರೆ ‘ಸಂತತಿ ಕವರು’, ಇಲ್ಲವಾದರೆ ‘ನಿಸ್ಸಂತತಿ ಕವರು’. ಕುಟುಂಬದಲ್ಲಿ ಸಂತತಿ ಕವರು ಇದ್ದಲ್ಲಿ, ನಿಸ್ಸಂತತಿಯವರ ಪಾಲಿಗೆ ಬರುತ್ತಿದ್ದುದು ಜೀವಾವಧಿಯ ಅನುಭೋಗ ಮಾತ್ರ.

ಹುಟ್ಟಿದ ದಿನವನ್ನು ಯಾರೂ ಗುರುತು ಹಾಕಿರದ ಹೆಂಗಸಿನ ಪ್ರಾಯ ಹೀಗೆ ಇದ್ದಕ್ಕಿದ್ದಂತೆ ಗದ್ದೆ ತೋಟಗಳ ಬೆಲೆ ಬಾಳತೊಡಗಿತು. ನಲವತ್ತೊಂಬತ್ತೋ ಐವತ್ತೊಂದೋ? 1923ರ ಮಹಾನೆರೆ ಬಂದಾಗ ಎರಡನೆಯ ಮಗು ಮಡಿಲಲ್ಲಿತ್ತೇ, ಬಾಗಿಲು ದಾಟುತ್ತಿತ್ತೇ? ಇಂಥ ಲೆಕ್ಕವೇ ಗತಿ. ಪತ್ರದಲ್ಲಿ ‘ಪ್ರಾಯ ಸುಮಾರು 48’ ಎಂದು ಕಂಡೊಡನೆ ಅದನ್ನು ಜನ್ಮವರ್ಷವಾಗಿ ತಿರುಗಿಸಿಕೊಳ್ಳುವವರು ತುಸು ತಾಳುವುದು ಲೇಸು. ಆ ‘ಸುಮಾರು’ ಎಂಬ ಮಾತಿನ ಮರೆಯಲ್ಲಿ ಒಂದು ಕುಟುಂಬದ ಜಗಳವೇ ಅಡಗಿರಬಹುದು. ಆಕೆಗೆ ಐವತ್ತು ತುಂಬುವುದನ್ನು ಕೆಲವರು ಕಾಯುತ್ತಿದ್ದರು, ಕೆಲವರು ಅಂಜುತ್ತಿದ್ದರು. ಆಕೆ ಏನೆಂದುಕೊಂಡಳೋ ಬರೆಹಗಾರ ಕೇಳಲಿಲ್ಲ.

ಭೂಮಿಯಿಲ್ಲದವಳಿಗೆ ಈ ಭಾಗ್ಯವೂ ಇಲ್ಲ. ಕ್ರೈಸ್ತಳಾದರೆ ಇಗರ್ಜಿಯ ಜ್ಞಾನಸ್ನಾನದ ಪುಸ್ತಕದಲ್ಲಿ ತಾಯಿತಂದೆಯರ ಹೆಸರೊಡನೆ ಸಿಕ್ಕಾಳು. ಚಾಲಗೇಣಿಯ ಒಕ್ಕಲಿನ ವಿಧವೆಯಾದರೆ 1974ರ ಭೂಸುಧಾರಣೆಯ ಬಳಿಕ ಭೂನ್ಯಾಯಮಂಡಳಿಗೆ ಕೊಟ್ಟ ‘ಡಿಕ್ಲರೇಶನ್’ನಲ್ಲಿ ಕಾಣಿಸಿಕೊಂಡಾಳು. ಕೂಲಿಯ ಹೆಂಗಸಿನ ಮಟ್ಟಿಗೆ ಪೆಟ್ಟಿಗೆಯೂ ಇಲ್ಲ, ಪತ್ರವೂ ಇಲ್ಲ. ಅವಳ ಹೆಸರು ಅವಳ ಮೊಮ್ಮಕ್ಕಳ ನೆನಪಿರುವಷ್ಟು ಕಾಲ.

ಎಂ. ಕೆ. ಇಂದಿರಾ ‘ಫಣಿಯಮ್ಮ’ (1976) ಕಾದಂಬರಿಯನ್ನು ಬರೆದುದು ಕಡತ ಶೋಧಿಸಿ ಅಲ್ಲ. ಮಲೆನಾಡಿನ ತಮ್ಮ ಬಂಧುವರ್ಗದ ಬಾಲವಿಧವೆಯ ಕಥೆಯನ್ನು ತಾಯಿಯ ಬಾಯಿಂದ ಕೇಳಿ. ಪಾಲುಪಟ್ಟಿಯನ್ನು ಕೈಯಲ್ಲಿ ಹಿಡಿದವರೂ ಹಾಗೆಯೇ ಅಡುಗೆಮನೆಯ ಜಗಲಿಗೆ ಹೋಗಿ ಕೂರಬೇಕು. ಯಜಮಾನರನ್ನು ಕೇಳಿದರೆ ಸರ್ವೆ ನಂಬರು ಹೇಳುತ್ತಾರೆ. ಯಾವ ಹೆರಿಗೆ ಕಷ್ಟವಾಯಿತು, ಯಾವ ಮಗು ಸಿಡುಬಿಗೆ ಹೋಯಿತು ಎಂಬುದನ್ನು ಹೇಳುವವರು ಒಳಗಿನ ಮುದುಕಿಯರು.

ಎದ್ದು ಬರುವ ಮುಂಚೆ ಪತ್ರದ ಕೊನೆಯ ಪುಟವನ್ನು ಅವರಿಗೊಮ್ಮೆ ತೋರಿಸಬಹುದು. ಅಲ್ಲಿ ಮಸಿ ಹರಡಿದ ಹೆಬ್ಬೆಟ್ಟು, ಅದರ ಸುತ್ತ ಬರೆಹಗಾರನ ಕೈಯಲ್ಲಿ ಆಕೆಯ ಹೆಸರು. ‘ಯಾನೆ’ ಎಂಬ ಎರಡಕ್ಷರದ ಮುಂದೆ, ಒಮ್ಮೊಮ್ಮೆ, ಮನೆಯಲ್ಲಿ ಕರೆಯುತ್ತಿದ್ದ ಹೆಸರು.