ಗಲ್ಫ್‌ಗೆ ಹೊರಟವರ ವೀಸಾ ಒಮ್ಮೆ ಓದಿ ನೋಡಿ

ಮುಂಬಯಿ: ಗಲ್ಫ್‌ಗೆ ಹೊರಟ ಊರಿನವರು ಇಲ್ಲಿನ ಬಂಧುಗಳ ಮನೆಯಲ್ಲಿ ಒಂದೆರಡು ರಾತ್ರಿ ತಂಗಿ ಸಹಾರ್ ವಿಮಾನ ನಿಲ್ದಾಣಕ್ಕೆ ಹೋಗುವುದು ನಮಗೆ ಹೊಸತಲ್ಲ. ಸಾಕಿನಾಕಾದ ಚಾಳ್‌ನಿಂದ ಡೊಂಬಿವಲಿಯ ಫ್ಲ್ಯಾಟ್‌ವರೆಗೆ ಎಷ್ಟೋ ತುಳು-ಕನ್ನಡಿಗರ ಮನೆಗಳು ಇಂಥವರಿಗೆ ಗಂಜಿ ಬಡಿಸಿ ಬೀಳ್ಕೊಟ್ಟಿವೆ. ಆದರೆ ಅವರ ಕೈಯಲ್ಲಿರುವ ವೀಸಾ ಯಾವ ದೇಶದ್ದು, ಯಾವ ಕೆಲಸದ್ದು ಎಂದು ಕೇಳಿದವರೆಷ್ಟು ಮಂದಿ?

2016ರಲ್ಲಿ ಉಡುಪಿ ಜಿಲ್ಲೆಯ ಮಹಿಳೆಯೊಬ್ಬರಿಗೆ ಕತಾರ್‌ನಲ್ಲಿ ಮನೆಕೆಲಸ ಎಂದು ನಂಬಿಸಲಾಗಿತ್ತು. ಏಜೆಂಟರ ಕೊಂಡಿ ಮಂಗಳೂರಿನಿಂದ ಮುಂಬಯಿಗೂ ಚಾಚಿತ್ತು. ಅವರು ತಲುಪಿದ್ದು ಮಾತ್ರ ಸೌದಿ ಅರೇಬಿಯಾದ ಯಾನ್ಬುವಿಗೆ. ಊರಿಗೆ ಕಳುಹಿಸಿ ಎಂದು ಬೇಡಿದರೆ, ಏಜೆಂಟರಿಗೆ ಕೊಟ್ಟ ಲಕ್ಷಗಟ್ಟಲೆ ಹಣ ಮರಳಿಸಿ ಎಂಬ ಉತ್ತರ. ಉಡುಪಿಯ ಮಾನವ ಹಕ್ಕುಗಳ ಸಂರಕ್ಷಣಾ ಪ್ರತಿಷ್ಠಾನದ ಡಾ| ರವೀಂದ್ರನಾಥ ಶಾನುಭಾಗ್ ಅವರು ಬೆನ್ನುಬಿಡದೆ ಹೋರಾಡಿದ ಫಲವಾಗಿ ಅವರು ತಾಯ್ನಾಡು ಕಂಡದ್ದು 2017ರ ಸೆಪ್ಟೆಂಬರ್‌ನಲ್ಲಿ.

‘ಅವರೇ ಒಪ್ಪಿ ಹೋದದ್ದಲ್ಲವೇ’ ಎಂದು ಹೇಳುವವರು ನಮ್ಮಲ್ಲಿದ್ದಾರೆ. ಕಾನೂನು ಹಾಗೆ ಹೇಳುವುದಿಲ್ಲ. 2000ದಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ, ಪಲೆರ್ಮೊ ಒಪ್ಪಂದವೆಂದೇ ಹೆಸರಾದ ಮಾನವ ಕಳ್ಳಸಾಗಣೆ ತಡೆ ಒಡಂಬಡಿಕೆಯ ಪ್ರಕಾರ, ದುಡಿಸಿ ಸುಲಿಯುವ ಉದ್ದೇಶದಿಂದ ಮೋಸ ಮಾಡಿ ಸಾಗಿಸಿದ್ದರೆ ಆ ಒಪ್ಪಿಗೆಗೆ ಬೆಲೆಯೇ ಇಲ್ಲ. ಭಾರತ ಇದನ್ನು 2011ರಲ್ಲಿ ಅನುಮೋದಿಸಿತು. 2013ರಲ್ಲಿ ದಂಡ ಸಂಹಿತೆಯ 370ನೇ ಕಲಂ ಈ ಅರ್ಥದಲ್ಲೇ ತಿದ್ದುಪಡಿಯಾಯಿತು. 2024ರ ಜುಲೈಯಿಂದ ಅದು ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ. ಊರಲ್ಲಿ ಆಸೆ ಹುಟ್ಟಿಸಿದವನು, ನಗರದಲ್ಲಿ ಟಿಕೆಟ್ ಕೊಟ್ಟವನು, ಅಲ್ಲಿ ಬರಮಾಡಿಕೊಂಡವನು, ಎಲ್ಲರೂ ಗೊತ್ತಿದ್ದೇ ಕೈಜೋಡಿಸಿದ್ದರೆ ಒಂದೇ ಅಪರಾಧದ ಪಾಲುದಾರರು. ಆದರೆ ಸರಪಳಿಯ ತುದಿ ಬೇರೆ ದೇಶದಲ್ಲಿದ್ದಾಗ ಇಲ್ಲಿನ ಪೊಲೀಸರ ಕೈ ಅಲ್ಲಿಗೆ ಸುಲಭವಾಗಿ ಎಟಕುವುದಿಲ್ಲ. ಹೊರಡುವ ಮುನ್ನ ತಡೆದರೆ ಮಾತ್ರ ಕೆಲಸ ಹಗುರ.

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ‘ಇ.ಸಿ.ಆರ್.’ ವರ್ಗದ್ದು. ಅಂಥವರು ಗಲ್ಫ್‌ಗೆ ದುಡಿಯಲು ಹೋಗಬೇಕಾದರೆ ಸರಕಾರದ ವಲಸೆ ಅನುಮತಿ ಬೇಕು. ಮನೆಕೆಲಸಕ್ಕಾದರೆ 30 ತುಂಬದ ಮಹಿಳೆಗೆ ಅದು ಸಿಗುವುದೇ ಇಲ್ಲ. ಈ ತಪಾಸಣೆ ತಪ್ಪಿಸಲೆಂದೇ ‘ಈಗ ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಬದಲಾಯಿಸೋಣ’ ಎನ್ನುವ ಏಜೆಂಟರಿದ್ದಾರೆ. ಈ ಮಾತು ಕಿವಿಗೆ ಬಿದ್ದರೆ ಪ್ರಯಾಣ ನಿಲ್ಲಿಸಿ. 1983ರ ವಲಸೆ ಕಾಯ್ದೆಯಡಿ ನೋಂದಣಿ ಇಲ್ಲದೆ ಯಾರೂ ವಿದೇಶಕ್ಕೆ ಕೆಲಸಗಾರರನ್ನು ನೇಮಿಸುವಂತಿಲ್ಲ. ಏಜೆಂಟರ ನೋಂದಣಿಯನ್ನು ಇ-ಮೈಗ್ರೇಟ್ ತಾಣದಲ್ಲಿ ಐದು ನಿಮಿಷದಲ್ಲಿ ನೋಡಬಹುದು.

ವೀಸಾದಲ್ಲಿ ಅರಬಿ ಇದ್ದರೆ ಹೆದರಬೇಕಾಗಿಲ್ಲ. ಗಲ್ಫ್‌ನಲ್ಲಿ ವರ್ಷಗಟ್ಟಲೆ ದುಡಿದು ಮರಳಿದವರು ನಮ್ಮ ಸಂಘಗಳಲ್ಲಿ ಬೇಕಾದಷ್ಟಿದ್ದಾರೆ, ಅವರಿಗೊಮ್ಮೆ ತೋರಿಸಿ. ಪಾಸ್‌ಪೋರ್ಟ್, ವೀಸಾ, ಕರಾರುಪತ್ರದ ಜೆರಾಕ್ಸ್ ಪ್ರತಿಯೊಂದು, ಏಜೆಂಟನ ಫೋನ್ ನಂಬರಿನ ಜತೆ, ತಂಗಿದ ಮನೆಯಲ್ಲೇ ಉಳಿಯಲಿ.