ಅಜ್ಜನ ಪದ್ಮಿನಿಗೆ ಯಾವ ಕಾರ್ಬುರೇಟರ್?

ಯಲಹಂಕ ದಾಟಿ ದೊಡ್ಡಬಳ್ಳಾಪುರ ರಸ್ತೆಯಲ್ಲಿ ಹೋದರೆ ಸಿಗುವ ರಾಜಾನುಕುಂಟೆ ಈಗ ಹಳ್ಳಿಯಾಗಿ ಉಳಿದಿಲ್ಲ. ಸುತ್ತಮುತ್ತ ಇಂಜಿನಿಯರಿಂಗ್ ಕಾಲೇಜು, ವಿಶ್ವವಿದ್ಯಾಲಯ ಬಂದಿವೆ. ಅಲ್ಲಿನ ಒಂದು ಮನೆಯನ್ನು ಊಹಿಸಿಕೊಳ್ಳಿ. ಹಿತ್ತಲ ಶೆಡ್ಡಿನಲ್ಲಿ ಅಜ್ಜ ಕೊಂಡ ಪ್ರೀಮಿಯರ್ ಪದ್ಮಿನಿ. ಮೆಕ್ಯಾನಿಕಲ್ ಓದುತ್ತಿರುವ ಮೊಮ್ಮಗ ಅದರ ಎಂಜಿನ್ ಬಿಚ್ಚಿ ಬೋರ್ ಮಾಡಿಸಿದ್ದಾನೆ. ಈಗ ದೊಡ್ಡ ಕಾರ್ಬುರೇಟರ್ ಬೇಕೆಂಬ ಹಟ. 'ಇದ್ದದ್ದೇ ಚೆನ್ನಾಗಿತ್ತಲ್ಲೋ' ಎಂದು ಅಪ್ಪನ ಆಕ್ಷೇಪ. ಇಬ್ಬರಲ್ಲಿ ಯಾರ ಮಾತು ಸರಿ?

ಉತ್ತರ ಅಂಗಡಿಯಲ್ಲಿಲ್ಲ, ಲೆಕ್ಕದಲ್ಲಿದೆ. ಅದೂ ಹೈಸ್ಕೂಲಿನ ಲೆಕ್ಕ.

ಎಂಜಿನ್ ಎಷ್ಟು ಉಸಿರಾಡುತ್ತದೆ?

ಪದ್ಮಿನಿಯ ನಾಲ್ಕು ಸಿಲಿಂಡರುಗಳ ವ್ಯಾಸ ತಲಾ 68 ಮಿ.ಮೀ., ಪಿಸ್ಟನ್ ಚಲಿಸುವ ದೂರ 75 ಮಿ.ಮೀ. ಗುಣಿಸಿ ನೋಡಿದರೆ 1089 ಸಿ.ಸಿ. ವ್ಯಾಸವನ್ನು 1 ಮಿ.ಮೀ. ಹಿಗ್ಗಿಸಿದರೆ ಅದು ಸುಮಾರು 1122 ಸಿ.ಸಿ. ಆಗುತ್ತದೆ. ಅಂದರೆ ಹೆಚ್ಚಳ ಶೇಕಡ 3 ಮಾತ್ರ. ಇಷ್ಟಕ್ಕೇ ಹೊಸ ಕಾರ್ಬುರೇಟರ್ ಬೇಕಿಲ್ಲ. ಇಲ್ಲಿಗೆ ಅಪ್ಪನ ಮಾತು ಗೆದ್ದಿತು.

ಆದರೆ ಮಗನ ವಾದ ಅಲ್ಲಿಗೇ ಮುಗಿಯುವುದಿಲ್ಲ. ನಾಲ್ಕು ಸ್ಟ್ರೋಕಿನ ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಪೂರ್ತಿ ಗಾತ್ರದಷ್ಟು ಗಾಳಿ ಎಳೆಯಬೇಕು. ವಾಸ್ತವದಲ್ಲಿ ಸಿಲಿಂಡರ್ ಪೂರ್ತಿ ತುಂಬುವುದಿಲ್ಲ. ಹಳೆಯ ಎಂಜಿನ್ ಶೇಕಡ 80ರಷ್ಟು ತುಂಬುತ್ತದೆಂದು ಇಟ್ಟುಕೊಂಡರೆ, ನಿಮಿಷಕ್ಕೆ 5000 ಸುತ್ತಿನಲ್ಲಿ ಅದಕ್ಕೆ ಬೇಕಾದ ಗಾಳಿ ಸುಮಾರು 2180 ಲೀಟರ್. ಹೆಡ್ ಮತ್ತು ಕ್ಯಾಮ್‌ಶಾಫ್ಟನ್ನೂ ಬದಲಿಸಿ ಶೇಕಡ 85ರಷ್ಟು ತುಂಬುವಂತೆ ಮಾಡಿ 6000 ಸುತ್ತಿನವರೆಗೆ ಓಡಿಸುವುದಾದರೆ 2860 ಲೀಟರ್ ಬೇಕು. ಇದು ಶೇಕಡ 31ರಷ್ಟು ಹೆಚ್ಚು. ಹಳೆಯ ಕಾರ್ಬುರೇಟರ್ ಉಸಿರು ಕಟ್ಟಿಸುವುದು ಇಲ್ಲಿಯೇ. ಆದ್ದರಿಂದ ಮೊದಲು ಕೇಳಬೇಕಾದ್ದು 'ಯಾವ ಕಂಪನಿಯದು?' ಎಂದಲ್ಲ, 'ಎಂಜಿನ್ನಿಗೆ ಏನೇನು ಮಾಡಿಸಿದ್ದೀರಿ, ಕಾರನ್ನು ಎಲ್ಲಿ ಓಡಿಸುತ್ತೀರಿ?' ಎಂದು.

ದೊಡ್ಡದೆಲ್ಲ ಒಳ್ಳೆಯದಲ್ಲ

ಕಾರ್ಬುರೇಟರಿನ ಒಳಗೆ ಗಾಳಿಯ ದಾರಿ ಒಂದೆಡೆ ಕಿರಿದಾಗುತ್ತದೆ. ಇದೇ ವೆಂಚುರಿ. ಕಿರಿದಾದ ಜಾಗದಲ್ಲಿ ಗಾಳಿಯ ವೇಗ ಹೆಚ್ಚಿ ಒತ್ತಡ ಇಳಿಯುತ್ತದೆ. ಆ ಸೆಳೆತಕ್ಕೆ ಜೆಟ್ಟಿನಿಂದ ಪೆಟ್ರೋಲ್ ಚಿಮ್ಮಿ ಗಾಳಿಯಲ್ಲಿ ಬೆರೆಯುತ್ತದೆ. 1738ರಲ್ಲಿ ಬರ್ನೌಲಿ ಪ್ರಕಟಿಸಿದ ತತ್ವವೇ ಇದಕ್ಕೆ ಆಧಾರ.

ವೆಂಚುರಿಯ ವ್ಯಾಸವನ್ನು 24ರಿಂದ 32 ಮಿ.ಮೀ.ಗೆ ಏರಿಸಿದರೆ ವಿಸ್ತೀರ್ಣ ಸುಮಾರು 1.8 ಪಟ್ಟಾಗುತ್ತದೆ. ಅಷ್ಟೇ ಗಾಳಿ ಹರಿದರೆ ಅದರ ವೇಗ ಅಷ್ಟು ಪಟ್ಟು ಕುಗ್ಗುತ್ತದೆ. ಸೆಳೆತ ವೇಗದ ವರ್ಗವನ್ನು ಅನುಸರಿಸುವುದರಿಂದ ಮೂರನೇ ಒಂದಕ್ಕಿಂತಲೂ ಕಡಿಮೆಯಾಗುತ್ತದೆ. ಪೆಟ್ರೋಲ್ ಸರಿಯಾಗಿ ಸಿಡಿಯದೆ ದಪ್ಪ ಹನಿಯಾಗಿ ಬೀಳುತ್ತದೆ. ಹೆಬ್ಬಾಳದ ಮೇಲುಸೇತುವೆಯಲ್ಲಿ ಆಮೆವೇಗದಲ್ಲಿ ಸಾಗುವಾಗ ಆಕ್ಸಿಲರೇಟರ್ ತುಳಿದರೆ ಕಾರು ಮುಗ್ಗರಿಸುತ್ತದೆ. ರೇಸ್ ಮೈದಾನಕ್ಕೆ ಹೊಂದುವ ಕಾರ್ಬುರೇಟರ್ ಸಂತೆಗೆ ಹೋಗುವ ಕಾರಿಗೆ ಹೊಂದುವುದಿಲ್ಲ.

ಎರಡನ್ನೂ ಸರಿದೂಗಿಸುವ ಎರಡು ಉಪಾಯಗಳಿವೆ. ಮೊದಲನೆಯದು ಎರಡು ಬಾಯಿಯ ಕಾರ್ಬುರೇಟರ್: ಊರೊಳಗೆ ಒಂದೇ ಬಾಯಿ ಕೆಲಸ ಮಾಡುತ್ತದೆ, ಜೋರಾಗಿ ತುಳಿದಾಗ ಇನ್ನೊಂದೂ ತೆರೆಯುತ್ತದೆ. ಎರಡನೆಯದು ಇಂಗ್ಲೆಂಡಿನ ಸ್ಕಿನ್ನರ್ ಸೋದರರ ಹೆಸರಿನಿಂದ ಬಂದ ಎಸ್.ಯು. ಮಾದರಿ. ಅದರೊಳಗಿನ ಪಿಸ್ಟನ್ ಗಾಳಿಯ ಅಗತ್ಯಕ್ಕೆ ತಕ್ಕಂತೆ ಮೇಲೇರಿ ಇಳಿಯುವುದರಿಂದ ವೆಂಚುರಿಯ ಗಾತ್ರವೇ ಬದಲಾಗುತ್ತದೆ. ಒಂದೂಕಾಲು ಇಂಚಿನದು ಎಚ್.ಎಸ್.2, ಒಂದೂವರೆ ಇಂಚಿನದು ಎಚ್.ಎಸ್.4. ಯಾವುದನ್ನು ಆರಿಸಿದರೂ ಅದು ಕೂರುವ ಮ್ಯಾನಿಫೋಲ್ಡ್ ಹೊಂದಬೇಕು; ಜೆಟ್, ಸೂಜಿ, ಗ್ಯಾಸ್ಕೆಟ್ ಮುಂದೆಯೂ ಸಿಗುವಂತಿರಬೇಕು.

ಎತ್ತರ ಮತ್ತು ಎಥನಾಲ್

ಪುಸ್ತಕದಲ್ಲಿ ಬರೆದ ಜೆಟ್ ಗಾತ್ರ ನಮ್ಮೂರಿಗೆ ಹಾಗೆಯೇ ಒಪ್ಪುವುದಿಲ್ಲ. ಬೆಂಗಳೂರಿನ ಈ ಭಾಗ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ಮಂಗಳೂರಿನದಕ್ಕಿಂತ ಸುಮಾರು ಶೇಕಡ 8ರಷ್ಟು ತೆಳು. ಹೀಗಾಗಿ ಕರಾವಳಿಯಲ್ಲಿ ಸರಿಹೊಂದಿಸಿದ ಕಾರ್ಬುರೇಟರ್ ಇಲ್ಲಿ ಅಂದಾಜು ಶೇಕಡ 4ರಷ್ಟು ಹೆಚ್ಚು ಪೆಟ್ರೋಲ್ ಸುರಿಯುತ್ತದೆ.

ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಎಳೆಯುವುದು ಎಥನಾಲ್. ಶೇಕಡ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್ ಮಾರಾಟಕ್ಕೆ 2023ರ ಫೆಬ್ರುವರಿಯಲ್ಲಿ ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲೇ. ಒಂದು ಕಿಲೋ ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕು. ಈ ಮಿಶ್ರಣಕ್ಕೆ ಸುಮಾರು 13.5 ಕಿಲೋ ಸಾಕು. ಅಂದರೆ ಅದೇ ಗಾಳಿಗೆ ಹೆಚ್ಚು ಇಂಧನ ಕೊಡಬೇಕು, ಕೊಡದಿದ್ದರೆ ಎಂಜಿನ್ ಬಿಸಿಯೇರುತ್ತದೆ. ಎಥನಾಲ್ ಹಳೆಯ ರಬ್ಬರನ್ನು ಉಬ್ಬಿಸಿ ಬಿರುಕು ಬಿಡಿಸುವುದೂ ಉಂಟು. ಕಾರ್ಬುರೇಟರ್ ಬದಲಿಸುವ ಮುನ್ನ ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಂ ಬದಲಿಸಿ. ಬಿಸಿ ಮ್ಯಾನಿಫೋಲ್ಡಿನ ಮೇಲೆ ತೊಟ್ಟಿಕ್ಕುವ ಪೆಟ್ರೋಲ್ ಕಾರನ್ನಷ್ಟೇ ಅಲ್ಲ, ಶೆಡ್ಡನ್ನೂ ಸುಟ್ಟೀತು.

ಪೋಷಕರ ಗಮನಕ್ಕೆ

ಇನ್ನೊಂದು ಮುಖ್ಯ ವಿಷಯ ಕಾನೂನು. ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದಂತೆ 50 ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ವಾಹನಕ್ಕೆ ವಿಂಟೇಜ್ ನೋಂದಣಿ ಸಿಗುತ್ತದೆ. 1974ರ ಪದ್ಮಿನಿಗೆ 2024ರಲ್ಲಿ ಆ ವಯಸ್ಸು ತುಂಬಿತು. ಎಂಜಿನ್ನನ್ನು ಗುರುತು ಸಿಗದಂತೆ ಬದಲಿಸಿದರೆ ಈ ಗೌರವ ತಪ್ಪಬಹುದು. ನೋಂದಣಿ ಪುಸ್ತಕದಲ್ಲಿರುವ ವಿವರಕ್ಕೆ ಹೊಂದದಂತೆ ವಾಹನ ಮಾರ್ಪಡಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡಿಯಿದೆ. ಕೈಹಾಕುವ ಮೊದಲೇ ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸುವುದು ಒಳಿತು. ಹೊಗೆ ತಪಾಸಣೆಯಲ್ಲೂ ಕಾರು ಪಾಸಾಗಬೇಕು.

ಹಾಗಾದರೆ ಮೊಮ್ಮಗ ಏನು ಮಾಡಬೇಕು? ಮೊದಲು ಕಂಪ್ರೆಷನ್, ವಾಲ್ವ್ ಅಂತರ, ಇಗ್ನಿಷನ್ ಟೈಮಿಂಗ್ ಸರಿಪಡಿಸಿಕೊಳ್ಳಲಿ. ಕಾರ್ಬುರೇಟರಿನ ತಪ್ಪೆಂದು ಕಾಣುವ ಎಷ್ಟೋ ತೊಂದರೆ ಅಲ್ಲಿಯೇ ಇರುತ್ತದೆ. ಬಳಿಕ ಹಳೆಯ ಕಾರ್ಬುರೇಟರನ್ನೇ ತೊಳೆದು ಜೆಟ್ ಬದಲಿಸಿ ನೋಡಲಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ರತಿಯೊಂದನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ಓಡಿಸಿ ಬಂದ ಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಅದೇ ಫಲಿತಾಂಶ ಹೇಳುತ್ತದೆ: ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು, ಬೆಳ್ಳಗಿದ್ದರೆ ಕಡಿಮೆ, ಬಿಸ್ಕತ್ತಿನ ಬಣ್ಣವಿದ್ದರೆ ಸರಿ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಮಾತ್ರ ಎಂಜಿನ್ ಚಾಲೂ ಮಾಡಬಾರದು. ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ವಾಸನೆಯಿಲ್ಲದ ವಿಷ.

ಇಷ್ಟಾದ ಮೇಲೂ ಎಂಜಿನ್ ಮೇಲಿನ ಸುತ್ತುಗಳಲ್ಲಿ ಉಸಿರುಗಟ್ಟಿದರೆ ದೊಡ್ಡದನ್ನು ತರಲು ಅಪ್ಪನೂ ಒಪ್ಪಬಹುದು. ಬಿಚ್ಚಿದ ಹಳೆಯದನ್ನು ಮಾತ್ರ ಗುಜರಿಗೆ ಹಾಕಬೇಡಿ. ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ ತೆಗೆದಿಡಿ. ಕಾರು ಎಂದಾದರೂ ತನ್ನ ಮೂಲರೂಪಕ್ಕೆ ಮರಳುವುದಾದರೆ ಬೇಕಾಗುವುದು ಅದೇ.